ಪ್ರೊಫೆಸರ್ ಒಪ್ಪಿದರೆ ಸೀಟು ಸಿಕ್ಕಂತಲ್ಲ: ಜಪಾನಿನ ಮಾಸ್ಟರ್ಸ್ ಪ್ರವೇಶ ಪರೀಕ್ಷೆಯ ಒಳಗುಟ್ಟು

ಬಿ.ಇ. ಮುಗಿಸಿ ಜಪಾನಿನಲ್ಲಿ ಮಾಸ್ಟರ್ಸ್ ಮಾಡಲು ಹೊರಟವರ ಮನೆಯಲ್ಲಿ ಮೊದಲ ಸಂಭ್ರಮ ತರುವುದು ಒಂದು ಇ-ಮೇಲ್. ಅಲ್ಲಿನ ಪ್ರಾಧ್ಯಾಪಕರೊಬ್ಬರು "ನಮ್ಮ ಲ್ಯಾಬಿಗೆ ಬರಬಹುದು" ಎಂದು ಎರಡು ಸಾಲು ಬರೆದಿರುತ್ತಾರೆ. ಸೀಟು ಸಿಕ್ಕೇಬಿಟ್ಟಿತು ಎಂದು ಅಪ್ಪ ಅಮ್ಮ ನೆಂಟರಿಷ್ಟರಿಗೆಲ್ಲ ಹೇಳುತ್ತಾರೆ. ಸೀಟು ಇನ್ನೂ ಸಿಕ್ಕಿರುವುದಿಲ್ಲ. ಹುಡುಗಿ ವಿಮಾನ ಹತ್ತಿ, ಟೋಕಿಯೊದಲ್ಲೋ ಕ್ಯೋಟೊದಲ್ಲೋ ಬಾಡಿಗೆ ಕೋಣೆ ಹಿಡಿದು, ಕೆಲವು ತಿಂಗಳು ಲ್ಯಾಬಿಗೆ ಓಡಾಡಿದ ಮೇಲೆ, ಆಗಸ್ಟ್ ತಿಂಗಳ ಒಂದು ಬೆಳಿಗ್ಗೆ ಪೆನ್ಸಿಲ್ಲು ರಬ್ಬರು ಹಿಡಿದು ಪರೀಕ್ಷೆಗೆ ಕೂರಬೇಕು. ಅದರಲ್ಲಿ ಫೇಲಾದರೆ ಮಾಸ್ಟರ್ಸ್ ಇಲ್ಲ. ಪ್ರಾಧ್ಯಾಪಕರು ಎಷ್ಟೇ ಮೆಚ್ಚಿಕೊಂಡಿದ್ದರೂ ಇಲ್ಲ.

ಈ ಪರೀಕ್ಷೆಗೆ ಜಪಾನಿನ ವಿದ್ಯಾರ್ಥಿಗಳು 'ಇನ್‌ಶಿ' ಎನ್ನುತ್ತಾರೆ. ಅಮೆರಿಕದ ದಾರಿಯನ್ನು ಕೇಳಿ ತಿಳಿದವರಿಗೆ ಇದು ಗೊಂದಲ ಹುಟ್ಟಿಸುವುದು ಸಹಜ. ಅಲ್ಲಿಗೆ ಹೋಗುವವರು ಬೆಂಗಳೂರಲ್ಲೇ ಜಿಆರ್‌ಇ ಪ್ರವೇಶ ಪರೀಕ್ಷೆ, ಇಂಗ್ಲಿಷ್ ಭಾಷೆಯ ಟೋಫೆಲ್ ಬರೆದು, ಅರ್ಜಿ ಕಳಿಸಿ, ಅಡ್ಮಿಷನ್ ಪತ್ರ ಕೈಗೆ ಬಂದ ಮೇಲೆ ವೀಸಾಕ್ಕೆ ಓಡುತ್ತಾರೆ. ಜಪಾನಿನ ಸಾಂಪ್ರದಾಯಿಕ ದಾರಿಯಲ್ಲಿ ವೀಸಾ ಮೊದಲು, ಅಡ್ಮಿಷನ್ ಆಮೇಲೆ.

ಎಂ.ಟೆಕ್. ಸೇರಲು ಬರೆಯುವ ನಮ್ಮ ಗೇಟ್ ಪರೀಕ್ಷೆ ಇದ್ದ ಹಾಗೆ ಅಲ್ಲಿ ಇಡೀ ದೇಶಕ್ಕೆ ಒಂದೇ ಪರೀಕ್ಷೆ ಎಂಬುದಿಲ್ಲ. ಚೀನಾದಲ್ಲಿ ಡಿಸೆಂಬರಿನಲ್ಲಿ ದೇಶವ್ಯಾಪಿ ಸ್ನಾತಕೋತ್ತರ ಪ್ರವೇಶ ಪರೀಕ್ಷೆ ನಡೆಯುತ್ತದೆ. ಜಪಾನಿನಲ್ಲಿ ಅದೂ ಇಲ್ಲ. ಪ್ರತಿ ವಿಶ್ವವಿದ್ಯಾಲಯದ ಪ್ರತಿ ಸ್ನಾತಕೋತ್ತರ ಶಾಲೆ, ಅದರೊಳಗಿನ ಪ್ರತಿ ವಿಭಾಗ ತನ್ನದೇ ಪ್ರಶ್ನೆಪತ್ರಿಕೆ ಹಾಕುತ್ತದೆ, ತನ್ನದೇ ದಿನ ಗೊತ್ತು ಮಾಡುತ್ತದೆ, ತಾನೇ ಮೌಲ್ಯಮಾಪನ ಮಾಡುತ್ತದೆ. ಒಂದೇ ವಿಶ್ವವಿದ್ಯಾಲಯದಲ್ಲಿ ಪಕ್ಕಪಕ್ಕದ ಎರಡು ವಿಭಾಗಗಳ ಪರೀಕ್ಷೆಗೆ ಸಂಬಂಧವೇ ಇಲ್ಲದಿರಬಹುದು. ಹಾಗಾಗಿ "ಜಪಾನ್ ಎಂಟ್ರೆನ್ಸ್‌ಗೆ ಏನು ಓದಬೇಕು?" ಎಂದು ಕೇಳಿದರೆ ಯಾರೂ ಉತ್ತರ ಕೊಡಲಾರರು. ಯಾವ ವಿಭಾಗ ಎಂಬುದು ತೀರ್ಮಾನವಾದ ಮೇಲಷ್ಟೇ ಆ ಪ್ರಶ್ನೆಗೆ ಅರ್ಥ ಬರುವುದು. ಹುಡುಕಾಡುವಾಗ ಕಣ್ಣಿಗೆ ಬೀಳುವ ಇಜೆಯು ಎಂಬ ಪರೀಕ್ಷೆಯನ್ನು ಇದೇ ಇರಬೇಕು ಎಂದುಕೊಳ್ಳುವವರೂ ಇದ್ದಾರೆ. ಅದು ವಿದೇಶಿ ವಿದ್ಯಾರ್ಥಿಗಳು ಪದವಿ ತರಗತಿಗೆ ಸೇರಲು ಬರೆಯುವ ಪರೀಕ್ಷೆ. ಮಾಸ್ಟರ್ಸ್‌ಗೂ ಅದಕ್ಕೂ ಸಂಬಂಧವಿಲ್ಲ.

ಪರೀಕ್ಷೆಗೆ ಮುಂಚೆ ಜಪಾನಿನಲ್ಲಿ ಇರುವುದು ಹೇಗೆ? ಅದಕ್ಕೆಂದೇ 'ಕೆನ್‌ಕ್ಯೂಸೆಯ್', ಅಂದರೆ ಸಂಶೋಧನಾ ವಿದ್ಯಾರ್ಥಿ ಎಂಬ ವ್ಯವಸ್ಥೆ ಇದೆ. ಹೆಸರು ಕೇಳಿ ಪಿಎಚ್.ಡಿ. ಎಂದುಕೊಳ್ಳಬೇಡಿ. ಇದಕ್ಕೆ ಪದವಿಯಿಲ್ಲ, ವಿಶ್ವವಿದ್ಯಾಲಯದಲ್ಲಿ ಹೆಸರಿರುತ್ತದೆ, ಲ್ಯಾಬಿನಲ್ಲಿ ಒಂದು ಮೇಜು, ಸೆಮಿನಾರಿಗೆ ಪ್ರವೇಶ, ಕೈಯಲ್ಲಿ ವಿದ್ಯಾರ್ಥಿ ವೀಸಾ. ಸಾಮಾನ್ಯವಾಗಿ ಆರು ತಿಂಗಳಿಂದ ಒಂದು ವರ್ಷ. ಇದಕ್ಕೆ ಸೇರಲು ಬೇಕಾಗುವುದೇ ಪ್ರಾಧ್ಯಾಪಕರ ಆ ಎರಡು ಸಾಲಿನ ಒಪ್ಪಿಗೆ, ಅಲ್ಲಿನವರು 'ನೈದಾಕು' ಎನ್ನುವುದು. ಮಾರ್ಗದರ್ಶನ ಮಾಡುತ್ತೇನೆ ಎಂಬ ಖಾಸಗಿ ಭರವಸೆ ಅದು. ಮಾಸ್ಟರ್ಸ್ ಪ್ರವೇಶವನ್ನು ತೀರ್ಮಾನಿಸುವುದು ವಿಭಾಗದ ಅಧ್ಯಾಪಕರ ಸಭೆ, ಅದು ನೋಡುವುದು ಪರೀಕ್ಷೆಯ ಅಂಕ.

ಈ ಕಾಯುವ ಅವಧಿಯೂ ಪುಕ್ಕಟೆಯಲ್ಲ. ರಾಷ್ಟ್ರೀಯ ವಿಶ್ವವಿದ್ಯಾಲಯಗಳ ಪ್ರಮಾಣಿತ ಶುಲ್ಕದ ಪ್ರಕಾರ ಸಂಶೋಧನಾ ವಿದ್ಯಾರ್ಥಿಯಾಗಲು ಅರ್ಜಿಗೆ 9,800 ಯೆನ್, ಸೇರ್ಪಡೆಗೆ 84,600 ಯೆನ್, ಬೋಧನಾ ಶುಲ್ಕ ತಿಂಗಳಿಗೆ 29,700 ಯೆನ್. ವರ್ಷಕ್ಕೆ ಒಟ್ಟು ನಾಲ್ಕೂವರೆ ಲಕ್ಷ ಯೆನ್ ದಾಟುತ್ತದೆ. ಬಾಡಿಗೆ, ಊಟ, ವಿಮೆ ಬೇರೆ. ಅನುಮತಿ ಪಡೆದರೆ ವಾರಕ್ಕೆ 28 ಗಂಟೆ ಪಾರ್ಟ್‌ಟೈಮ್ ಕೆಲಸ ಮಾಡಬಹುದು. ಪರೀಕ್ಷೆ ಎದುರಿಗಿರುವಾಗ ಅಷ್ಟೂ ಗಂಟೆ ಕನ್ವೀನಿಯನ್ಸ್ ಸ್ಟೋರಿನಲ್ಲಿ ನಿಂತವರು ಓದುವುದು ಯಾವಾಗ ಎಂಬುದನ್ನೂ ಲೆಕ್ಕ ಹಾಕಿ.

ಜಪಾನ್ ಸರ್ಕಾರದ ಮೆಕ್ಸ್ಟ್ ವಿದ್ಯಾರ್ಥಿವೇತನ ಸಿಕ್ಕವರಿಗೆ ಹಣದ ಚಿಂತೆಯಿಲ್ಲ. ರಾಯಭಾರ ಕಚೇರಿಯ ಶಿಫಾರಸಿನ ಮೂಲಕ ಹೋಗುವವರಿಗೆ ಇಲ್ಲೇ ದಾಖಲೆ ಪರಿಶೀಲನೆ, ಭಾಷಾ ಪರೀಕ್ಷೆ, ಸಂದರ್ಶನ ನಡೆಯುತ್ತದೆ. ವಯಸ್ಸು 35ರ ಒಳಗಿರಬೇಕು. ಆದರೆ ಇನ್‌ಶಿ ಇವರನ್ನೂ ಬಿಡುವುದಿಲ್ಲ. ವಿಶ್ವವಿದ್ಯಾಲಯ ಕೊಡುವ ತಾತ್ಕಾಲಿಕ ಒಪ್ಪಿಗೆ ಪತ್ರ ಹಲವು ಕಡೆ ಸಂಶೋಧನಾ ವಿದ್ಯಾರ್ಥಿಯಾಗಿ ಬರುವುದಕ್ಕಷ್ಟೇ. ನಿಗದಿತ ಅವಧಿಯೊಳಗೆ ಪರೀಕ್ಷೆ ಪಾಸಾಗಿ ಮಾಸ್ಟರ್ಸ್ ಸೇರಿದರೆ ವೇತನ ಮುಂದುವರಿಸಲು ಅರ್ಜಿ ಹಾಕಬಹುದು, ಇಲ್ಲವಾದರೆ ವೇತನ ಅಲ್ಲಿಗೇ ನಿಲ್ಲುತ್ತದೆ. "ಸ್ಕಾಲರ್‌ಶಿಪ್ಪೇ ಸಿಕ್ಕಿದೆ, ಇನ್ನೇನು ಪರೀಕ್ಷೆ" ಎಂದು ಆರಾಮಾಗಿ ಇರುವವರಿಗೆ ಇದನ್ನು ಮೊದಲೇ ಹೇಳಬೇಕು.

ಇನ್ನು ಅರ್ಹತೆಯ ವಿಚಾರ. ನಮ್ಮ ಕಡೆಯವರಿಗೆ ತೊಡಕು ಬರುವುದು ಹೆಚ್ಚಾಗಿ ಇಲ್ಲೇ. ಜಪಾನಿನ ಮಾಸ್ಟರ್ಸ್‌ಗೆ ವಿದೇಶದಲ್ಲಿ ಓದಿದವರ ಒಟ್ಟು 16 ವರ್ಷದ ಶಿಕ್ಷಣವನ್ನು ಅಳತೆಗೋಲಾಗಿ ಇಟ್ಟುಕೊಳ್ಳುವುದು ಹಳೆಯ ಪದ್ಧತಿ. ಎಸ್ಸೆಸ್ಸೆಲ್ಸಿವರೆಗೆ ಹತ್ತು, ಪಿಯುಸಿ ಎರಡು, ಬಿ.ಇ. ನಾಲ್ಕು: ಸರಿಯಾಗಿ 16. ಡಿಪ್ಲೊಮಾ ಮಾಡಿ ಲ್ಯಾಟರಲ್ ಎಂಟ್ರಿಯಲ್ಲಿ ಎಂಜಿನಿಯರಿಂಗ್ ಸೇರಿದವರದ್ದು ಹತ್ತು, ಮೂರು, ಮೂರು. ಅದೂ 16ಕ್ಕೇ ಬಂತು. ಬಿ.ಎಸ್ಸಿ., ಬಿ.ಕಾಂ., ಬಿ.ಎ. ಮಾಡಿದವರದ್ದು ಮಾತ್ರ 15ಕ್ಕೆ ನಿಲ್ಲುತ್ತದೆ. ಕರ್ನಾಟಕದಲ್ಲಿ 2021ರಲ್ಲಿ ನಾಲ್ಕು ವರ್ಷದ ಪದವಿ ಶುರುವಾಗಿ, 2024ರಲ್ಲಿ ಮತ್ತೆ ಮೂರು ವರ್ಷಕ್ಕೆ ಮರಳಿದ್ದರಿಂದ ಒಂದೇ ಕಾಲೇಜಿನ ಹಿಂದುಮುಂದಿನ ಬ್ಯಾಚುಗಳ ಲೆಕ್ಕವೇ ಬೇರೆ ಬೇರೆ.

ಹಾಗೆಂದು ಮೂರು ವರ್ಷದ ಪದವಿಯವರಿಗೆ ಬಾಗಿಲು ಮುಚ್ಚಿಲ್ಲ. 2016ರಲ್ಲಿ ಜಪಾನ್ ತನ್ನ ನಿಯಮ ತಿದ್ದಿ, ವಿದೇಶದಲ್ಲಿ ಮೂರು ವರ್ಷ ಅಥವಾ ಹೆಚ್ಚಿನ ಕೋರ್ಸ್ ಮುಗಿಸಿ ಮಾನ್ಯತೆಯುಳ್ಳ ಸಂಸ್ಥೆಯಿಂದ ಪದವಿ ಪಡೆದವರಿಗೂ ಅರ್ಹತೆಯ ದಾರಿ ತೆರೆಯಿತು. ಅದಲ್ಲದೆ 22 ವರ್ಷ ತುಂಬಿದವರ ಅರ್ಹತೆಯನ್ನು ವಿಶ್ವವಿದ್ಯಾಲಯ ವೈಯಕ್ತಿಕವಾಗಿ ಪರಿಶೀಲಿಸಿ ಒಪ್ಪುವ ವ್ಯವಸ್ಥೆ ಮೊದಲಿನಿಂದ ಇದೆ. ತೊಂದರೆ ಇರುವುದು ದಿನಾಂಕದಲ್ಲಿ. ಈ ಪರಿಶೀಲನೆಗೆ ಮುಖ್ಯ ಅರ್ಜಿಗಿಂತ ಕೆಲವು ವಾರ ಮೊದಲೇ ಪ್ರತ್ಯೇಕ ಅರ್ಜಿ ಹಾಕಬೇಕು. ಅರ್ಜಿ ಗಡುವು ಜುಲೈ ಎಂದು ನಿಶ್ಚಿಂತೆಯಿಂದ ಕೂತವರಿಗೆ ಪರಿಶೀಲನೆಯ ಗಡುವು ಆಗಲೇ ಮುಗಿದಿರುವುದು ಗೊತ್ತೇ ಆಗಿರುವುದಿಲ್ಲ.

ಗಡುವಿನ ವಿಷಯದಲ್ಲಿ ಜಪಾನಿನ ಕಚೇರಿಗಳಿಗೆ ದಯೆ ದಾಕ್ಷಿಣ್ಯ ಇಲ್ಲ. ಎಲ್ಲ ನಿಯಮಗಳೂ ಇರುವುದು 'ಬೊಶೂ ಯೋಕೋ' ಎಂಬ ಅರ್ಜಿ ಕೈಪಿಡಿಯಲ್ಲಿ. ಬೇಸಿಗೆ ಪರೀಕ್ಷೆಯದ್ದು ಸಾಮಾನ್ಯವಾಗಿ ಏಪ್ರಿಲ್ ಹೊತ್ತಿಗೆ ವಿಭಾಗದ ಜಾಲತಾಣದಲ್ಲಿ ಬರುತ್ತದೆ. ಅಂಚೆಯಲ್ಲಿ ಕಳಿಸುವ ಕಡೆ, ಕಾಗದ ಗಡುವಿನೊಳಗೆ ಕಚೇರಿ ತಲುಪಿರಬೇಕೋ ಅಥವಾ ಅಂದಿನ ಅಂಚೆ ಮುದ್ರೆ ಇದ್ದರೆ ಸಾಕೋ ಎಂಬುದನ್ನೂ ಅದರಲ್ಲಿ ಸ್ಪಷ್ಟವಾಗಿ ಬರೆದಿರುತ್ತಾರೆ. ತಲುಪಿರಬೇಕು ಎಂದಿದ್ದರೆ ಸಂಜೆ ಐದಕ್ಕೆ ತಲುಪಿರಬೇಕು, ಐದೂಕಾಲಕ್ಕಲ್ಲ. ಪ್ರೊಫೆಸರ್ ಫೋನ್ ಮಾಡಿ ಹೇಳಿದರೆ ನಡೆದೀತು ಎಂಬ ನಮ್ಮ ನಂಬಿಕೆಯನ್ನು ಮನೆಯಲ್ಲೇ ಬಿಟ್ಟು ಹೋಗುವುದು ಒಳ್ಳೆಯದು.

ದಾಖಲೆಗಳಲ್ಲಿ ತಲೆನೋವಿನದ್ದು 'ಪದವಿ ಮುಗಿಯಲಿದೆ' ಎಂಬ ಪ್ರಮಾಣಪತ್ರ. ಕೊನೆಯ ವರ್ಷದಲ್ಲಿರುವವರು ಇಂಥ ತಿಂಗಳಲ್ಲಿ ಪದವಿ ಪಡೆಯಲಿದ್ದಾರೆ ಎಂದು ಕಾಲೇಜು ಬರೆದುಕೊಡಬೇಕು. ಜಪಾನಿನ ಕಾಲೇಜುಗಳಲ್ಲಿ ಇದಕ್ಕೆ ಸಿದ್ಧ ನಮೂನೆಯೇ ಇದೆ. ನಮ್ಮ ಕಾಲೇಜು ಕಚೇರಿಯಲ್ಲಿ ಕೇಳಿದರೆ ಬೋನಫೈಡ್ ಕೊಟ್ಟು ಕಳಿಸುತ್ತಾರೆ. ಒಕ್ಕಣೆಯನ್ನು ನೀವೇ ಇಂಗ್ಲಿಷಿನಲ್ಲಿ ಟೈಪ್ ಮಾಡಿಕೊಂಡು ಹೋಗಿ, ಕಾಲೇಜಿನ ಲೆಟರ್‌ಹೆಡ್‌ನಲ್ಲಿ ಪ್ರಿನ್ಸಿಪಾಲರ ಸಹಿ, ಸೀಲು ಹಾಕಿಸಿಕೊಳ್ಳುವುದೇ ಸಲೀಸು. ಮಾರ್ಕ್ಸ್ ಕಾರ್ಡಿನ ಹೆಸರೂ ಪಾಸ್‌ಪೋರ್ಟಿನ ಹೆಸರೂ ಒಂದೇ ಇದೆಯೇ ನೋಡಿಕೊಳ್ಳಿ. ಇನಿಷಿಯಲ್ ಒಂದು ಕಡೆ ಮುಂದೆ, ಇನ್ನೊಂದು ಕಡೆ ಹಿಂದೆ, ಮತ್ತೊಂದು ಕಡೆ ಅಪ್ಪನ ಪೂರ್ತಿ ಹೆಸರು ಇರುವುದು ನಮ್ಮಲ್ಲಿ ಮಾಮೂಲು. ಅಲ್ಲಿನ ಗುಮಾಸ್ತರಿಗೆ ಅವು ಮೂರು ಬೇರೆ ಬೇರೆ ಮನುಷ್ಯರಂತೆ ಕಾಣುತ್ತವೆ.

ಈಗ ಪರೀಕ್ಷೆಗೆ ಬರೋಣ. ವಿಜ್ಞಾನ, ಎಂಜಿನಿಯರಿಂಗ್ ವಿಭಾಗಗಳ ಮುಖ್ಯ ಪರೀಕ್ಷೆ ಆಗಸ್ಟ್ ಆಸುಪಾಸಿನಲ್ಲಿ. ಅದರಲ್ಲಿ ಪಾಸಾದವರು ಮುಂದಿನ ಏಪ್ರಿಲ್‌ನಲ್ಲಿ, ಕೆಲವು ಕಡೆ ಅದೇ ಅಕ್ಟೋಬರ್‌ನಲ್ಲೇ ಸೇರುತ್ತಾರೆ. ಮಾನವಿಕ ವಿಷಯಗಳಲ್ಲಿ ಮತ್ತು ಸೀಟು ಉಳಿದ ವಿಭಾಗಗಳಲ್ಲಿ ಜನವರಿ, ಫೆಬ್ರವರಿಯ ಚಳಿಗಾಲದ ಪರೀಕ್ಷೆಯೂ ಇರುತ್ತದೆ. ಆದ್ದರಿಂದ ಜಪಾನಿಗೆ ಯಾವ ತಿಂಗಳಲ್ಲಿ ಇಳಿಯುತ್ತೀರಿ ಎಂಬುದೇ ತಯಾರಿಯನ್ನು ನಿರ್ಧರಿಸುತ್ತದೆ. ಅಕ್ಟೋಬರಿನಲ್ಲಿ ಬಂದವರಿಗೆ ಆಗಸ್ಟ್‌ವರೆಗೆ ಹತ್ತು ತಿಂಗಳು. ಏಪ್ರಿಲ್‌ನಲ್ಲಿ ಬಂದವರಿಗೆ ನಾಲ್ಕೇ ತಿಂಗಳು. ವಾರ್ಡ್ ಕಚೇರಿಯಲ್ಲಿ ವಿಳಾಸ ನೋಂದಣಿ, ಬ್ಯಾಂಕ್ ಖಾತೆ, ಫೋನ್ ಇವುಗಳಲ್ಲೇ ಮೊದಲ ತಿಂಗಳು ಹೋಗಿಬಿಡುತ್ತದೆ. ಆಯ್ಕೆ ಕೈಯಲ್ಲಿದ್ದರೆ ಅಕ್ಟೋಬರೇ ಮೇಲು.

ಪ್ರಶ್ನೆಪತ್ರಿಕೆಯ ಸ್ವರೂಪ ತಿಳಿಯಲು ಟೋಕಿಯೊ ವಿಶ್ವವಿದ್ಯಾಲಯದ ಮಾಹಿತಿ ವಿಜ್ಞಾನ ಮತ್ತು ತಂತ್ರಜ್ಞಾನದ ಸ್ನಾತಕೋತ್ತರ ಶಾಲೆಯನ್ನೇ ತೆಗೆದುಕೊಳ್ಳಿ. ಅದರ ಹಳೆಯ ಪತ್ರಿಕೆಗಳು ಜಪಾನಿ, ಇಂಗ್ಲಿಷ್ ಎರಡರಲ್ಲೂ ಜಾಲತಾಣದಲ್ಲಿವೆ. ಗಣಿತದ ಪತ್ರಿಕೆಗೆ ಎರಡೂವರೆ ಗಂಟೆ, ಮೂರೇ ಪ್ರಶ್ನೆ. ಒಂದು ಲೀನಿಯರ್ ಆಲ್ಜೀಬ್ರಾ, ಒಂದು ಕ್ಯಾಲ್ಕುಲಸ್, ಒಂದು ಪ್ರಾಬಬಿಲಿಟಿ; ಹೆಚ್ಚೂಕಡಿಮೆ ಇದೇ ಹದ. ಇದರ ಮೇಲೆ ಪ್ರತಿ ವಿಭಾಗದ ವಿಶೇಷ ವಿಷಯದ ಪತ್ರಿಕೆ. ಇಂಗ್ಲಿಷಿಗೆ ಟೋಫೆಲ್ ಅಂಕ.

ಮೂರೇ ಪ್ರಶ್ನೆ ಎಂದು ಸಮಾಧಾನ ಪಡುವಂತಿಲ್ಲ. ಗೇಟ್‌ನಲ್ಲಿ ಮೂರು ಗಂಟೆಗೆ 65 ಪ್ರಶ್ನೆ; ಉತ್ತರ ಸರಿಯೋ ತಪ್ಪೋ ಅಷ್ಟೇ, ದಾರಿಯನ್ನು ಯಾರೂ ಕೇಳುವುದಿಲ್ಲ. ಇಲ್ಲಿ ಒಂದು ಪ್ರಶ್ನೆಯೊಳಗೆ ನಾಲ್ಕೈದು ಉಪಪ್ರಶ್ನೆಗಳು ಮೆಟ್ಟಿಲಿನಂತೆ ಜೋಡಿಸಿರುತ್ತವೆ. ಮೊದಲನೆಯದು ಮ್ಯಾಟ್ರಿಕ್ಸಿನ ಐಗನ್ ಮೌಲ್ಯ ಕಂಡುಹಿಡಿಯಿರಿ ಎಂಬಂಥ ಸರಳ ಲೆಕ್ಕ. ಎರಡನೆಯದಕ್ಕೆ ಆ ಉತ್ತರ ಬೇಕು. ನಾಲ್ಕನೆಯದರ ಹೊತ್ತಿಗೆ ಅದೇ ಮ್ಯಾಟ್ರಿಕ್ಸ್ ಬಳಸಿ ಏನನ್ನೋ ಸಾಧಿಸಿ ತೋರಿಸಿ ಎನ್ನುತ್ತಾರೆ. ಮೊದಲ ಮೆಟ್ಟಿಲಲ್ಲಿ ಒಂದು ಮೈನಸ್ ಚಿಹ್ನೆ ತಪ್ಪಿದರೆ ಇಡೀ ಪ್ರಶ್ನೆ ವಾಲುತ್ತದೆ. ಹೆಜ್ಜೆಗಳಿಗೂ ಅಂಕ ಇರುವುದರಿಂದ ಉತ್ತರ ಸಿಗದಿದ್ದರೂ ಯೋಚನೆಯ ಸಾಲುಗಳನ್ನು ಬರೆದವರಿಗೆ ಏನಾದರೂ ದಕ್ಕುತ್ತದೆ.

ಒಂದು ವಿಚಿತ್ರ ನೋಡಿ. ಸೇರುತ್ತಿರುವುದು ಸಂಶೋಧನೆಗೆ, ಕೇಳುವುದು ಬಿ.ಇ. ಮೊದಲೆರಡು ವರ್ಷದ ಪಾಠ. ಮೂರು ವರ್ಷದ ಹಿಂದೆ ಎಂ-ಒನ್, ಎಂ-ಟೂ ಎಂಬ ಗಣಿತದ ಪತ್ರಿಕೆಗಳನ್ನು ಓದಿ, ಮಾಡ್ಯೂಲಿಗೆ ಇಷ್ಟು ಪ್ರಶ್ನೆ ಎಂದು ಆರಿಸಿ ಬರೆದು ಮರೆತದ್ದೆಲ್ಲ ಈಗ ಎದುರಿಗೆ ಬಂದು ನಿಲ್ಲುತ್ತದೆ. ನಮ್ಮ ಪರೀಕ್ಷೆಗಳಲ್ಲಿ ಚಾಯ್ಸ್ ಬಿಟ್ಟು ಪಾಸಾದ ಅಧ್ಯಾಯಗಳೇ, ವಿಶೇಷವಾಗಿ ಪ್ರಾಬಬಿಲಿಟಿ, ಹೆಚ್ಚಿನವರಿಗೆ ಕೈಕೊಡುವುದು. ಕ್ಯಾಲ್ಕುಲೇಟರ್ ಸಾಮಾನ್ಯವಾಗಿ ಇಲ್ಲ. ಮೆಷಿನ್ ಲರ್ನಿಂಗ್‌ನಲ್ಲಿ ಎಷ್ಟೇ ಪ್ರಾಜೆಕ್ಟ್ ಮಾಡಿದ್ದರೂ ಕೈಯಲ್ಲಿ ಡಬಲ್ ಇಂಟಿಗ್ರಲ್ ಬಿಡಿಸಲು ಬಾರದವರನ್ನು ಈ ಪತ್ರಿಕೆ ಹೊರಗೆ ನಿಲ್ಲಿಸುತ್ತದೆ. ಸಂಶೋಧನೆಯ ಸಾಮರ್ಥ್ಯವನ್ನು ಅಳೆಯಲು ಇದು ಒಳ್ಳೆಯ ದಾರಿಯೇ ಎಂದರೆ ನನಗೆ ಅನುಮಾನವಿದೆ. ಆದರೆ ಕಾಲೇಜಿನ ಹೆಸರು, ಶಿಫಾರಸು ಪತ್ರ ಯಾವುದನ್ನೂ ನೋಡದೆ ಎಲ್ಲರಿಗೂ ಒಂದೇ ಹಾಳೆ ಕೊಡುತ್ತದೆ ಎಂಬ ನ್ಯಾಯ ಇದಕ್ಕಿದೆ. ದೊಡ್ಡ ಕಾಲೇಜಿನ ಹೆಸರಿಲ್ಲದ, ಗಣಿತ ಗಟ್ಟಿಯಿರುವ ವಿದ್ಯಾರ್ಥಿಗೆ ಅಮೆರಿಕದ ಅರ್ಜಿ ವ್ಯವಸ್ಥೆಗಿಂತ ಇದೇ ಹೆಚ್ಚು ಒಲಿಯಬಹುದು.

ತಯಾರಿ ಎಂದರೆ ಮುಕ್ಕಾಲುಪಾಲು ಹಳೆಯ ಪ್ರಶ್ನೆಪತ್ರಿಕೆ ಬಿಡಿಸುವುದು. 'ಕಾಕೊಮೊನ್' ಎಂಬ ಈ ಹಳೆಯ ಪತ್ರಿಕೆಗಳನ್ನು ಹಲವು ವಿಭಾಗಗಳು ತಾವೇ ಪ್ರಕಟಿಸುತ್ತವೆ, ಉತ್ತರಗಳನ್ನು ಮಾತ್ರ ಬಹುತೇಕ ಕೊಡುವುದಿಲ್ಲ. ಅದೇ ವಿಶ್ವವಿದ್ಯಾಲಯದಲ್ಲಿ ಪದವಿ ಓದಿದ ಜಪಾನಿ ವಿದ್ಯಾರ್ಥಿಗಳ ಬಳಿ ಹಿಂದಿನ ಬ್ಯಾಚಿನವರು ಬಿಡಿಸಿಟ್ಟ ಉತ್ತರಗಳು ಕೈಯಿಂದ ಕೈಗೆ ಬಂದಿರುತ್ತವೆ. ಚೀನೀ ವಿದ್ಯಾರ್ಥಿಗಳು ಸಂಖ್ಯೆಯಲ್ಲೂ ಹೆಚ್ಚು, ಅವರಿಗೆಂದೇ ಟೋಕಿಯೊದ ತಕಾದನೊಬಾಬಾದಂಥ ಕಡೆ ಕೋಚಿಂಗ್ ಶಾಲೆಗಳಿವೆ. ಭಾರತದಿಂದ ಹೋದವರಿಗೆ ಇವೆರಡೂ ಇಲ್ಲ. ಲ್ಯಾಬಿನ ಹಿರಿಯ ವಿದ್ಯಾರ್ಥಿಗಳನ್ನು ಸಂಕೋಚ ಬಿಟ್ಟು ಕೇಳುವುದೊಂದೇ ದಾರಿ. ಕೇಳಿದರೆ ಕೊಡುತ್ತಾರೆ, ಕೇಳದಿದ್ದರೆ ತಾವಾಗಿ ಹೇಳುವುದಿಲ್ಲ. ಪ್ರಾಧ್ಯಾಪಕರನ್ನು ಮಾತ್ರ ಈ ವಿಷಯ ಕೇಳಬೇಡಿ. ಪ್ರಶ್ನೆಪತ್ರಿಕೆ ಹಾಕುವವರಲ್ಲಿ ಅವರೂ ಒಬ್ಬರಿರಬಹುದು, ಇಬ್ಬರಿಗೂ ಇಕ್ಕಟ್ಟು.

ಭಾಷೆಯ ವಿಷಯದಲ್ಲಿ ಒಂದೇ ಮಾತು ಎಲ್ಲ ಕಡೆಗೂ ಸಲ್ಲದು. ಪ್ರಶ್ನೆ ಎರಡೂ ಭಾಷೆಯಲ್ಲಿದ್ದು ಇಂಗ್ಲಿಷಿನಲ್ಲಿ ಉತ್ತರಿಸಬಹುದಾದ ವಿಭಾಗಗಳಿವೆ. ಪ್ರಶ್ನೆ ಬರೀ ಜಪಾನಿಯಲ್ಲಿರುವ ವಿಭಾಗಗಳೂ ಇವೆ. ಸಾಹಿತ್ಯ, ಸಮಾಜಶಾಸ್ತ್ರ, ಕಾನೂನಿನಂಥ ಕಡೆ ಪ್ರಬಂಧವನ್ನೇ ಜಪಾನಿಯಲ್ಲಿ ಬರೆಯಬೇಕಾಗಬಹುದು. ಅಲ್ಲಿ ಜೆಎಲ್‌ಪಿಟಿ ಎಂಬ ಜಪಾನಿ ಭಾಷಾ ಪರೀಕ್ಷೆಯ ಎನ್2 ಸಾಲದು, ಎಲ್ಲಕ್ಕಿಂತ ಮೇಲಿನ ಎನ್1 ಮಟ್ಟ ಬೇಕು. ಜೆಎಲ್‌ಪಿಟಿಯನ್ನು ಬೆಂಗಳೂರಿನಲ್ಲೇ ಬರೆಯಬಹುದು, ಹೊರಡುವ ಮುಂಚೆ ಒಂದು ಮಟ್ಟ ಮುಗಿಸಿಕೊಂಡರೆ ಅಷ್ಟು ಭಾರ ಇಳಿಯುತ್ತದೆ. ಟೋಫೆಲ್ ವಿಷಯದಲ್ಲೂ ಎಚ್ಚರ ಬೇಕು: ಬೇರೆ ಬೇರೆ ದಿನದ ಉತ್ತಮ ಅಂಕಗಳನ್ನು ಕೂಡಿಸಿ ಕೊಡುವ ಮೈಬೆಸ್ಟ್ ಅಂಕವನ್ನು ಹಲವು ವಿಭಾಗಗಳು ಒಪ್ಪುವುದಿಲ್ಲ, ಮನೆಯಲ್ಲಿ ಕೂತು ಬರೆದ ಪರೀಕ್ಷೆಯನ್ನು ಒಪ್ಪುವುದೂ ಬಿಡುವುದೂ ವಿಭಾಗಕ್ಕೆ ಬಿಟ್ಟದ್ದು.

ಲಿಖಿತ ಪರೀಕ್ಷೆಯ ಬೆನ್ನಿಗೇ ಮೌಖಿಕ. ಐದಾರು ಪ್ರಾಧ್ಯಾಪಕರು ಸಾಲಾಗಿ ಕೂತಿರುತ್ತಾರೆ, ನಿಮ್ಮ ಸೆನ್‌ಸೆಯ್, ಅಂದರೆ ನಿಮ್ಮನ್ನು ಲ್ಯಾಬಿಗೆ ಕರೆದ ಗುರುಗಳು, ಅವರಲ್ಲಿ ಒಬ್ಬರು. ಆದರೆ ಆ ಕೋಣೆಯಲ್ಲಿ ಅವರು ಪರಿಚಯದ ನಗು ನಕ್ಕಾರೆಂದು ನಿರೀಕ್ಷಿಸಬೇಡಿ. ಪದವಿಯಲ್ಲಿ ಏನು ಪ್ರಾಜೆಕ್ಟ್ ಮಾಡಿದಿರಿ, ಈ ಲ್ಯಾಬೇ ಏಕೆ, ಬೇರೆ ಎಲ್ಲಿ ಅರ್ಜಿ ಹಾಕಿದ್ದೀರಿ, ಲಿಖಿತ ಪರೀಕ್ಷೆ ಹೇಗಾಯಿತು ಇಂಥವೇ ಪ್ರಶ್ನೆಗಳು. ಬಿಡಿಸಲಾಗದ ಲೆಕ್ಕವನ್ನೇ ಎತ್ತಿ, "ಅದನ್ನು ಹೇಗೆ ಶುರು ಮಾಡಬಹುದಿತ್ತು?" ಎಂದು ಕೇಳುವುದೂ ಉಂಟು. ಪರೀಕ್ಷೆ ಮುಗಿಸಿ ಬಂದ ಸಂಜೆಯೇ ಆ ಲೆಕ್ಕವನ್ನು ಮತ್ತೆ ಬಿಡಿಸಿ ನೋಡಿದವರಿಗೆ ಇಲ್ಲಿ ಮಾತಾಡಲು ಏನಾದರೂ ಇರುತ್ತದೆ.

ಇನ್ನೊಂದು ವಿಚಾರ ಅರ್ಜಿ ನಮೂನೆಯಲ್ಲೇ ಅಡಗಿದೆ. ಎಷ್ಟೋ ವಿಭಾಗಗಳು ಇಷ್ಟದ ಲ್ಯಾಬುಗಳನ್ನು ಒಂದು, ಎರಡು, ಮೂರು ಎಂದು ಕ್ರಮವಾಗಿ ಬರೆಯಲು ಹೇಳುತ್ತವೆ. ಅಂಕದ ಮೇಲೆ ಹಂಚಿಕೆ. ಮೊದಲ ಆಯ್ಕೆಯ ಲ್ಯಾಬಿಗೆ ಅಂಕ ಸಾಲದೆ ಮೂರನೆಯದು ಸಿಕ್ಕರೆ, ಒಂದು ವರ್ಷ ಕೂತ ಮೇಜನ್ನು ಬಿಟ್ಟು ಅಲ್ಲಿಗೆ ಹೋಗಬೇಕಾಗುತ್ತದೆ. ಒಂದೇ ಲ್ಯಾಬ್ ಬರೆದು ಮಿಕ್ಕಿದ್ದನ್ನು ಖಾಲಿ ಬಿಡುವ ಮುನ್ನ ನಿಮ್ಮ ಪ್ರಾಧ್ಯಾಪಕರೊಂದಿಗೆ ಮಾತಾಡಿ.

ಫೇಲಾದರೆ? ಅವಧಿ ಉಳಿದಿದ್ದರೆ ಚಳಿಗಾಲದ ಪರೀಕ್ಷೆ ಬರೆಯಬಹುದು, ಬೇರೆ ವಿಶ್ವವಿದ್ಯಾಲಯಕ್ಕೆ ಪ್ರಯತ್ನಿಸಬಹುದು. ಸಂಶೋಧನಾ ವಿದ್ಯಾರ್ಥಿಯ ಅವಧಿ ವಿಸ್ತರಿಸಲು ವಿಭಾಗದ ಒಪ್ಪಿಗೆ ಬೇಕು, ವೀಸಾ ನವೀಕರಣ ಅದನ್ನು ಹಿಂಬಾಲಿಸುತ್ತದೆ. ಎಷ್ಟು ಸಲ ವಿಸ್ತರಿಸಬಹುದು ಎಂಬುದಕ್ಕೆ ಮಿತಿಯಿದೆ, ಅದನ್ನು ಸೇರುವ ದಿನವೇ ಕೇಳಿಟ್ಟುಕೊಳ್ಳಬೇಕು. ಅದಕ್ಕೇ ಮೊದಲ ಆಗಸ್ಟ್‌ನಲ್ಲೇ, ದಿನಾಂಕ ಹೊಂದಿದರೆ, ಎರಡು ವಿಭಾಗಗಳ ಪರೀಕ್ಷೆ ಬರೆಯುವುದು ಜಾಣತನ. ಪ್ರತಿ ಅರ್ಜಿಗೆ 30,000 ಯೆನ್ ಹೋಗುತ್ತದೆ, ಹೋಗಲಿ.

ಇಷ್ಟೆಲ್ಲ ಬೇಡ ಎನ್ನುವವರಿಗೆ ಬೇರೆ ದಾರಿ ಇದೆ. 2009ರಲ್ಲಿ ಶುರುವಾದ ಗ್ಲೋಬಲ್ 30 ಯೋಜನೆಯ ಹೊತ್ತಿಗೆ ಜಪಾನಿನ ದೊಡ್ಡ ವಿಶ್ವವಿದ್ಯಾಲಯಗಳು ಪೂರ್ತಿ ಇಂಗ್ಲಿಷಿನ ಕೋರ್ಸುಗಳನ್ನು ಹೆಚ್ಚಿಸಿದವು. ಇವುಗಳಲ್ಲಿ ಬಹಳಷ್ಟಕ್ಕೆ ದಾಖಲೆ ಪರಿಶೀಲನೆ ಮತ್ತು ಆನ್‌ಲೈನ್ ಸಂದರ್ಶನ ಸಾಕು, ಪ್ರವೇಶ ಖಾತ್ರಿಯಾದ ಮೇಲೆ ಊರು ಬಿಡಬಹುದು. ಬೇಕಾದ ಲ್ಯಾಬ್ ಅಂಥ ಕೋರ್ಸಿನಲ್ಲಿ ಇದ್ದರೆ ಸುಮ್ಮನೆ ಇನ್‌ಶಿಯ ಸಹವಾಸಕ್ಕೆ ಹೋಗಬೇಡಿ ಎಂದೇ ನಾನು ಹೇಳುವುದು. ಎಲ್ಲ ಲ್ಯಾಬುಗಳೂ, ಎಲ್ಲ ವಿಷಯಗಳೂ ಆ ಕೋರ್ಸುಗಳಲ್ಲಿ ಇಲ್ಲ, ಆಗ ಮಾತ್ರ ಹಳೆಯ ದಾರಿ.

ಪಾಸಾದವರ ಫಲಿತಾಂಶ ಹೆಸರಿನಲ್ಲಿ ಬರುವುದಿಲ್ಲ, ಪರೀಕ್ಷಾ ಸಂಖ್ಯೆಯಲ್ಲಿ ಬರುತ್ತದೆ. ಪಟ್ಟಿಯಲ್ಲಿ ನಿಮ್ಮ ಸಂಖ್ಯೆ ಇದ್ದರೆ ಆಯಿತು. ಆಮೇಲಿನ ಖರ್ಚಿಗೆ ಸಿದ್ಧರಿರಿ. ಸಂಶೋಧನಾ ವಿದ್ಯಾರ್ಥಿಯಾಗಿ ಕಟ್ಟಿದ 84,600 ಯೆನ್ ಇಲ್ಲಿ ವಜಾ ಆಗುವುದಿಲ್ಲ, ಪ್ರವೇಶ ಶುಲ್ಕ 2,82,000 ಯೆನ್ ಹೊಸದಾಗಿ ಕಟ್ಟಬೇಕು. ವರ್ಷದ ಬೋಧನಾ ಶುಲ್ಕದ ಪ್ರಮಾಣಿತ ಮೊತ್ತ 5,35,800 ಯೆನ್, ಕೆಲವು ವಿಶ್ವವಿದ್ಯಾಲಯಗಳು ಅದನ್ನು ಏರಿಸುತ್ತಿವೆ. ಮಾಸ್ಟರ್ಸ್ ವಿದ್ಯಾರ್ಥಿಯಾದವರು ಶುಲ್ಕ ವಿನಾಯಿತಿಗೆ ಅರ್ಜಿ ಹಾಕಬಹುದು, ಪೂರ್ತಿಯೋ ಅರ್ಧವೋ ಸಿಗುವ ಸಾಧ್ಯತೆ ಇದೆ. ಆ ಅರ್ಜಿಗೂ ಪ್ರತ್ಯೇಕ ಗಡುವಿದೆ, ಅನೇಕ ಕಡೆ ಅದು ಪ್ರವೇಶದ ಕಾಗದಪತ್ರ ಸಲ್ಲಿಸುವ ವಾರದಲ್ಲೇ ಬಂದು ಹೋಗುತ್ತದೆ.